ಕೋಟೆಯಿಂದ ಚಟದವರೆಗೆ: ‘ಗಿವ್ ಅಪ್’ ಕ್ರಿಯಾಪದದ ಅರ್ಥಚರಿತ್ರೆ

ಇಂಗ್ಲಿಷಿನ ‘ಗಿವ್ ಅಪ್’ ಎಂಬಲ್ಲಿನ ‘ಅಪ್’ ಕೇವಲ ಸಮಾಪ್ತಿಸೂಚಕವೆಂದು ಹೇಳಿ ಮುಗಿಸುವುದುಂಟು. ಇಂದಿನ ಬಳಕೆಗೆ ಈ ವಿವರಣೆ ಸಾಕಾದೀತು, ಚರಿತ್ರೆಗೆ ಸಾಲದು. ಈ ಕ್ರಿಯಾಪದವು ಮೊದಲಿಗೆ ಪಡೆಯುವವನೊಬ್ಬನನ್ನು ಅಪೇಕ್ಷಿಸುತ್ತಿತ್ತು; ‘ನಿಲ್ಲಿಸು’ ಎಂಬ ಅರ್ಥವು ಆ ಸಂಪ್ರದಾನವು ಕಳಚಿದುದರ ಫಲವೆಂಬುದು ನಮ್ಮ ವಾದ.

ಹಳೆಯ ಇಂಗ್ಲಿಷಿನಲ್ಲಿ ತ್ಯಜಿಸುವಿಕೆಯನ್ನು ‘ಒಫ್‌ಗಿಯೆಫನ್’ನಂಥ ಪೂರ್ವಪ್ರತ್ಯಯಯುಕ್ತ ರೂಪಗಳು ಸೂಚಿಸುತ್ತಿದ್ದವು. ಇಂಥ ಪೂರ್ವಪ್ರತ್ಯಯಗಳು ಸವೆದಂತೆ ಕ್ರಿಯೆಯ ನಂತರ ಬರುವ ಅವ್ಯಯಗಳು ಬಲಗೊಂಡವು. ಪೀಟರ್‌ಬರೋ ಕ್ರಾನಿಕಲ್‌ನ 1137ರ ನಮೂದು ಇದಕ್ಕೆ ಪ್ರಸಿದ್ಧ ಸಾಕ್ಷಿ. ಸ್ಟೀಫನ್ ದೊರೆಯು ಸಾಲ್ಸ್‌ಬರಿಯ ಬಿಷಪ್ ರೋಜರ್, ಲಿಂಕನ್ನಿನ ಬಿಷಪ್ ಅಲೆಕ್ಸಾಂಡರ್ ಹಾಗೂ ಚಾನ್ಸಲರ್ ರೋಜರ್ ಇವರನ್ನು ಆಕ್ಸ್‌ಫರ್ಡಿನಲ್ಲಿ ಹಿಡಿದು, ಅವರು ತಮ್ಮ ಕೋಟೆಗಳನ್ನು ಒಪ್ಪಿಸುವವರೆಗೆ ಸೆರೆಯಲ್ಲಿರಿಸಿದನೆಂದು ಅಲ್ಲಿದೆ. (ಘಟನೆ ನಡೆದುದು 1139ರಲ್ಲಿ, ಅನಂತರ ಬರೆದ ಲಿಪಿಕಾರನು ಹಲವು ವರ್ಷಗಳ ಸಂಗತಿಗಳನ್ನು ಒಂದೇ ನಮೂದಿನಲ್ಲಿ ತುಂಬಿದ್ದಾನೆ.) ‘ಒಪ್ಪಿಸಿದರು’ ಎಂಬಲ್ಲಿ ಅವನು ಬಳಸಿದ ರೂಪ ‘ಯಾಫೆನ್ ಉಪ್’. ಯಾರಿಗೆ ಎಂಬುದನ್ನು ಅವನು ಹೇಳಿಲ್ಲ, ಹೇಳಬೇಕಾಗಿಯೂ ಇಲ್ಲ: ಪಡೆಯುವವನು ದೊರೆ. ‘ಮೇಲಿನವನಿಗೆ’ ಎಂಬ ಭಾವವು ‘ಉಪ್’ನಲ್ಲಿ ಇನ್ನೂ ಉಸಿರಾಡುತ್ತಿರುವಂತೆ ನಮಗೆ ತೋರುತ್ತದೆ, ಆದರೆ ಒಂದೇ ಪ್ರಯೋಗದಿಂದ ಇದನ್ನು ಬಹಳ ಎಳೆಯಲಾಗದು. ಮುಖ್ಯವಾದುದು, ಸಂಪ್ರದಾನವನ್ನು ಬಾಯಿಬಿಟ್ಟು ಹೇಳದಿರುವ ಅವಕಾಶ ಇಲ್ಲಿಯೇ ಇದೆ ಎಂಬುದು.

1611ರ ಬೈಬಲ್ ಅನುವಾದದಲ್ಲಿ ಸಾಯುವವನು ಪ್ರಾಣವನ್ನು ‘ಗಿವ್ ಅಪ್’ ಮಾಡುತ್ತಾನೆ. ಪಡೆಯುವವನು ಅಲ್ಲಿ ಮತ್ತಷ್ಟು ಮಸುಕು. ಆದರೂ ‘ನಿಲ್ಲಿಸು’ ಎಂಬರ್ಥಕ್ಕೆ ಪ್ರಬಲ ಸ್ಪರ್ಧಿಯೊಂದಿತ್ತು. ಸ್ಯಾಮ್ಯುಯೆಲ್ ಜಾನ್ಸನ್ 1755ರ ನಿಘಂಟಿನ ಮುನ್ನುಡಿಯಲ್ಲಿ, ಪರಭಾಷಿಕರನ್ನು ಬಹಳವಾಗಿ ಕಾಡುವ ಇಂಥ ಸಂಯೋಗಗಳನ್ನು ಪಟ್ಟಿಮಾಡುವಾಗ ಆ ಅರ್ಥಕ್ಕೆ ಕೊಟ್ಟ ಉದಾಹರಣೆ ‘ಗಿವ್ ಓವರ್’. ಇಂದು ಅದು ಬಹುಮಟ್ಟಿಗೆ ಉತ್ತರ ಇಂಗ್ಲೆಂಡಿನ ಆಡುಮಾತಿನಲ್ಲಿ ‘ಸಾಕುಮಾಡು’ ಎಂಬ ಗದರಿಕೆಯಾಗಿ ಉಳಿದಿದೆ. ಅದರ ಸ್ಥಾನವನ್ನು ‘ಗಿವ್ ಅಪ್’ ಆಕ್ರಮಿಸಿದೆ. ಕೋಟೆಯಿದ್ದ ಜಾಗದಲ್ಲಿ ಈಗ ಧೂಮಪಾನವೆಂಬ ಕ್ರಿಯಾನಾಮ ಬರಬಹುದು. ಕರ್ಮವೇ ಇಲ್ಲದೆ ‘ಐ ಗಿವ್ ಅಪ್’ ಎಂದು ಸೋಲೊಪ್ಪಲೂಬಹುದು.

ಇಂಗ್ಲಿಷ್ ಹೀಗೆ ಒಂದೇ ರೂಪದಲ್ಲಿ ಬೆಸೆದುದನ್ನು ಕನ್ನಡವು ಬೇರೆಬೇರೆಯಾಗಿ ಇರಿಸಿಕೊಂಡಿದೆ. ‘ಕೋಟೆಯನ್ನು ಬಿಟ್ಟುಕೊಟ್ಟರು’ ಸಾಧು. ‘ಧೂಮಪಾನವನ್ನು ಬಿಟ್ಟುಕೊಟ್ಟರು’ ಅಸಂಗತ, ಅಲ್ಲಿ ‘ಬಿಟ್ಟುಬಿಟ್ಟರು’ ಎಂದೇ ಆಗಬೇಕು. ‘ಕೊಡು’ ಎಂಬ ಸಹಾಯಕ ಕ್ರಿಯೆಯು ಪಡೆಯುವವನನ್ನು ಕೈಬಿಡಲು ಒಪ್ಪುವುದಿಲ್ಲ. ಆದುದರಿಂದ ‘ದೇ ಗೇವ್ ಹಿಮ್ ಅಪ್’ ಎಂಬ ವಾಕ್ಯವನ್ನು ಅನುವಾದಿಸುವವನು ಅವನನ್ನು ಪೊಲೀಸರಿಗೆ ಒಪ್ಪಿಸಿದರೋ, ಅವನು ಬದುಕುವ ಆಸೆ ಬಿಟ್ಟರೋ ಎಂಬುದನ್ನು ಮೊದಲೇ ನಿರ್ಧರಿಸಬೇಕಾಗುತ್ತದೆ. ಆದರೆ ‘ಎಷ್ಟು ಹೊಡೆದರೂ ಗೆಳೆಯನನ್ನು ಬಿಟ್ಟುಕೊಡಲಿಲ್ಲ’ ಎನ್ನುವಾಗ ಕನ್ನಡವೂ ಪಡೆಯುವವನನ್ನು ಹೆಸರಿಸದೆ ಸೂಚಿಸುತ್ತದೆ. 1137ರ ನಮೂದಿನ ಪ್ರಯೋಗಕ್ಕೆ ನಮಗೆ ಸಿಕ್ಕುವ ಅತ್ಯಂತ ಹತ್ತಿರದ ಸಾಟಿ ಇದೇ.