ಕೊನ್‌ಸ್ಟಾಂಟ್ಸ್: ಅಭಯಪತ್ರ ಸುಳ್ಳಾದ ಊರು

ಜರ್ಮನಿಯ ದಕ್ಷಿಣದ ಅಂಚಿನಲ್ಲಿ, ಸ್ವಿಟ್ಜರ್ಲೆಂಡಿಗೆ ತಾಗಿಕೊಂಡು, ದೊಡ್ಡದೊಂದು ಸರೋವರದ ದಡದಲ್ಲಿ ಕೊನ್‌ಸ್ಟಾಂಟ್ಸ್ ಎಂಬ ಊರಿದೆ. ಇಂಗ್ಲಿಷ್ ಚರಿತ್ರೆ ಪುಸ್ತಕಗಳು ಇದನ್ನು ಕಾನ್‌ಸ್ಟನ್ಸ್ ಎಂದು ಕರೆಯುತ್ತವೆ. ಗಡಿಯಾಚೆಗಿನ ಸ್ವಿಸ್ ಪಟ್ಟಣ ಕ್ರೊಯ್ಟ್ಸ್‌ಲಿಂಗನ್ ಇದಕ್ಕೆ ಎಷ್ಟು ಅಂಟಿಕೊಂಡಿದೆಯೆಂದರೆ, ಬೀದಿಯ ಒಂದು ತುದಿ ಒಂದು ದೇಶ, ಇನ್ನೊಂದು ತುದಿ ಮತ್ತೊಂದು ದೇಶ. ಎರಡನೇ ಮಹಾಯುದ್ಧದಲ್ಲಿ ಇಲ್ಲಿನ ದೀಪಗಳನ್ನು ಆರಿಸದೆ ಬಿಟ್ಟಿದ್ದರಿಂದ ಬಾಂಬು ಹಾಕುವವರಿಗೆ ಇದೂ ಸ್ವಿಟ್ಜರ್ಲೆಂಡೇ ಎಂದು ಅನಿಸಿತಂತೆ. ಕಾರಣ ಏನೇ ಇರಲಿ, ಹಳೆಯ ಊರು ಉಳಿದುಕೊಂಡಿತು. ಹಾಗಾಗಿ ಆರುನೂರು ವರ್ಷಗಳ ಹಿಂದಿನ ಘಟನೆಗಳು ನಡೆದ ಕಟ್ಟಡಗಳನ್ನೇ ಪ್ರವಾಸಿಗರು ಇಂದಿಗೂ ನೋಡಬಹುದು.

ಬಂದರಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಇಂಪೀರಿಯಾ ಎಂಬ ವಿಗ್ರಹ. ಒಂಬತ್ತು ಮೀಟರ್ ಎತ್ತರದ ಈ ಹೆಣ್ಣು ತನ್ನಷ್ಟಕ್ಕೆ ನಿಧಾನವಾಗಿ ತಿರುಗುತ್ತಿರುತ್ತಾಳೆ. ಅವಳ ಎರಡು ಅಂಗೈಗಳಲ್ಲಿ ಇಬ್ಬರು ಕುಬ್ಜರು ಬೆತ್ತಲೆ ಕುಳಿತಿದ್ದಾರೆ. ಒಬ್ಬನ ತಲೆಯ ಮೇಲೆ ಪೋಪನ ಕಿರೀಟ, ಇನ್ನೊಬ್ಬನ ತಲೆಯ ಮೇಲೆ ಚಕ್ರವರ್ತಿಯ ಕಿರೀಟ. ಶಿಲ್ಪಿ ಪೀಟರ್ ಲೆಂಕ್ 1993ರಲ್ಲಿ ಇದನ್ನು ನಿಲ್ಲಿಸಿದಾಗ ಊರಿನಲ್ಲಿ ದೊಡ್ಡ ಗದ್ದಲವೇ ಆಯಿತು. ಇಂಪೀರಿಯಾ ಎಂಬ ಹೆಸರಿನ ರೋಮಿನ ಗಣಿಕೆ ಒಬ್ಬಳು ನಿಜವಾಗಿಯೂ ಇದ್ದಳು. ಆದರೆ ಅವಳು ಬದುಕಿದ್ದು ಇಲ್ಲಿ ನಾವು ಹೇಳಹೊರಟ ಘಟನೆಗಳಿಗಿಂತ ಬಹಳ ವರ್ಷಗಳ ನಂತರ. ಅವಳನ್ನು ಈ ಊರಿಗೆ ಕರೆತಂದದ್ದು ಫ್ರೆಂಚ್ ಲೇಖಕ ಬಾಲ್ಜಾಕನ ಕಲ್ಪನೆ.

ಅವಳ ಹಿಂದೆಯೇ, ನೀರಿನ ಅಂಚಿನಲ್ಲಿ, ಕಡಿದಾದ ಮಾಡಿನ ಭಾರೀ ಕಟ್ಟಡವೊಂದಿದೆ. 1388ರಲ್ಲಿ ಕಟ್ಟಲು ತೊಡಗಿದ ಈ ಮನೆ ಮೂಲತಃ ವರ್ತಕರ ಗೋದಾಮು. ಆಲ್ಪ್ಸ್ ಪರ್ವತದಾಚೆಗಿನ ಇಟಲಿಯೊಂದಿಗೆ ನಡೆಯುತ್ತಿದ್ದ ವ್ಯಾಪಾರದ ಸರಕು ಇಲ್ಲಿ ಇಳಿಯುತ್ತಿತ್ತು. 1417ರ ನವೆಂಬರಿನಲ್ಲಿ ಇದೇ ಗೋದಾಮಿನೊಳಗೆ 53 ಮಂದಿಯನ್ನು ಕೂಡಿಹಾಕಿ ಹೊಸ ಪೋಪರನ್ನು ಆರಿಸಲಾಯಿತು. ಈಗ ಅಲ್ಲಿ ಸಭೆ, ಸಂಗೀತ, ಊಟ ನಡೆಯುತ್ತವೆ.

ಪೋಪರ ಚುನಾವಣೆ ಗೋದಾಮಿನಲ್ಲಿ ಯಾಕೆ? ಆಗ ಯುರೋಪಿನ ಕ್ರೈಸ್ತರಿಗೆ ಒಬ್ಬರಲ್ಲ, ಮೂವರು ಪೋಪರಿದ್ದರು. ಪ್ರತಿಯೊಬ್ಬರೂ ತಾನೇ ಅಸಲಿ ಎನ್ನುತ್ತಿದ್ದರು. ಈ ಒಡಕನ್ನು ಮುಗಿಸಲು ಜರ್ಮನ್ ದೊರೆ ಸಿಗಿಸ್ಮಂಡನ ಒತ್ತಾಯದಿಂದ 1414ರಲ್ಲಿ ಇಲ್ಲಿ ಧರ್ಮಸಭೆ ಸೇರಿತು. ಕೆಲವೇ ಸಾವಿರ ಜನರಿದ್ದ ಪಟ್ಟಣಕ್ಕೆ ಕಾರ್ಡಿನಲರು, ಬಿಷಪರು, ಪಂಡಿತರು, ವರ್ತಕರು, ರೊಟ್ಟಿ ಸುಡುವವರು, ವೇಶ್ಯೆಯರು ಎಲ್ಲರೂ ಬಂದಿಳಿದರು. ಊರಿನವನೇ ಆದ ಉಲ್ರಿಶ್ ರಿಶೆಂಟಾಲ್ ಬಂದವರ ಲೆಕ್ಕವಿಟ್ಟು ಚರಿತ್ರೆ ಬರೆದ. ಅದರ ಚಿತ್ರಸಹಿತ ಹಸ್ತಪ್ರತಿಯೊಂದು ಇಲ್ಲಿನ ರೋಸ್‌ಗಾರ್ಟನ್ ಮ್ಯೂಸಿಯಮ್ಮಿನಲ್ಲಿದೆ. ಅವನ ಅಂಕಿಅಂಶಗಳು ಉತ್ಪ್ರೇಕ್ಷೆ ಎಂದು ಇತಿಹಾಸಕಾರರು ಹೇಳುವುದು ಸರಿಯಿರಬಹುದು. ಆದರೆ ಮೀನು ಮಾರುವವರನ್ನೂ ಬೀದಿಯ ಒಲೆಗಳನ್ನೂ ಮರೆಯದೆ ದಾಖಲಿಸಿದ ಚರಿತ್ರೆಕಾರ ನಮಗೆ ಪ್ರಿಯನಾಗುತ್ತಾನೆ.

ಆ ಸಭೆಗೆ ಬಂದವರಲ್ಲಿ ಪ್ರಾಗ್ ನಗರದ ಯಾನ್ ಹುಸ್ ಒಬ್ಬರು. ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದ ಅವರು ಜನರ ಚೆಕ್ ಭಾಷೆಯಲ್ಲೇ ಪ್ರವಚನ ಮಾಡುತ್ತಿದ್ದರು. ಮೂವರು ಪೋಪರಲ್ಲೊಬ್ಬರಾದ ಇಪ್ಪತ್ತಮೂರನೇ ಜಾನ್ ತನ್ನ ಯುದ್ಧದ ಖರ್ಚಿಗಾಗಿ ಪಾಪವಿಮೋಚನೆಯ ಪತ್ರಗಳನ್ನು ಮಾರಿಸಿದಾಗ, 1412ರಲ್ಲಿ, ಹುಸ್ ಬಹಿರಂಗವಾಗಿ ವಿರೋಧಿಸಿದರು. ಸಭೆಯಲ್ಲಿ ವಿವರಣೆ ಕೊಡಲು ಕರೆ ಬಂದಾಗ ಸಿಗಿಸ್ಮಂಡ್ ಅವರಿಗೆ ಅಭಯಪತ್ರ ಕೊಟ್ಟ. 1414ರ ನವೆಂಬರ್ 3ರಂದು ಹುಸ್ ಊರಿಗೆ ಬಂದರು. ತಿಂಗಳು ಮುಗಿಯುವ ಮೊದಲೇ ಅವರು ಬಂಧನದಲ್ಲಿದ್ದರು. ಸರೋವರದ ಪುಟ್ಟ ದ್ವೀಪದಲ್ಲಿದ್ದ ಡೊಮಿನಿಕನ್ ಸನ್ಯಾಸಿಗಳ ಮಠವೇ ಅವರ ಸೆರೆಮನೆಯಾಯಿತು.

ಸಿಗಿಸ್ಮಂಡ್ ಮೊದಲು ಸಿಟ್ಟಾದ, ಆಮೇಲೆ ಸುಮ್ಮನಾದ. ಧರ್ಮಭ್ರಷ್ಟನೆಂಬ ಆರೋಪ ಹೊತ್ತವನಿಗೆ ರಾಜ ಕೊಟ್ಟ ಅಭಯ ಚರ್ಚಿನ ವಿಚಾರಣೆಗೆ ಅಡ್ಡಿಯಾಗಲಾರದು ಎಂಬುದು ಸಭೆಯ ನಿಲುವು. ಇದರ ನಡುವೆ ಜಾನ್ ಪೋಪರು ಸೇವಕನ ವೇಷ ತೊಟ್ಟು ಊರಿನಿಂದ ಓಡಿಹೋದರು. 1415ರ ಮೇ ತಿಂಗಳಲ್ಲಿ ಸಭೆ ಅವರನ್ನು ಪದವಿಯಿಂದ ಕಿತ್ತುಹಾಕಿತು. ಪತ್ರ ಮಾರಿಸಿದವರ ಪದವಿ ಹೋಯಿತು, ಮಾರಬೇಡಿ ಎಂದವರ ಪ್ರಾಣವೇ ಹೋಯಿತು. ಜುಲೈ 6ರಂದು ದೊಡ್ಡ ಚರ್ಚಿನಲ್ಲಿ ತೀರ್ಪು ಓದಿ, ಅದೇ ದಿನ ಊರ ಹೊರಗೆ ಹುಸ್‌ರನ್ನು ಜೀವಂತ ಸುಟ್ಟು ಬೂದಿಯನ್ನು ರೈನ್ ನದಿಗೆ ಚೆಲ್ಲಿದರು. ಮುಂದಿನ ವರ್ಷ ಮೇ 30ರಂದು ಅವರ ಒಡನಾಡಿ ಪ್ರಾಗಿನ ಜೆರೋಮ್‌ಗೂ ಅದೇ ಗತಿಯಾಯಿತು. ಜೆರೋಮ್ ಸಾವನ್ನು ಎದುರಿಸಿದ ಬಗೆಯನ್ನು ಕಂಡ ಇಟಲಿಯ ವಿದ್ವಾಂಸ ಪೊಜ್ಜೊ, ಪೋಪರ ಕಚೇರಿಯ ನೌಕರನಾಗಿದ್ದರೂ, ಬೆರಗಿನಿಂದ ಗೆಳೆಯನಿಗೆ ಕಾಗದ ಬರೆದ. ಹುಸ್ ಸುಟ್ಟ ಸುದ್ದಿ ತಲುಪಿದಾಗ 452 ಮಂದಿ ಚೆಕ್ ಸರದಾರರು ಪ್ರತಿಭಟನಾ ಪತ್ರಕ್ಕೆ ಮುದ್ರೆ ಒತ್ತಿದರು. ಕೆಲವೇ ವರ್ಷಗಳಲ್ಲಿ ಆ ದೇಶ ಯುದ್ಧದಲ್ಲಿ ಮುಳುಗಿತು.

ಬೆಂಕಿ ಹೊತ್ತಿದ ಜಾಗವೆಂದು ನಂಬಲಾದಲ್ಲಿ 1862ರಲ್ಲಿ ಒಂದು ದೊಡ್ಡ ಬಂಡೆಯನ್ನಿಟ್ಟು ಇಬ್ಬರ ಹೆಸರನ್ನೂ ಕೊರೆದಿದ್ದಾರೆ. ಊರೊಳಗೆ ಹುಸ್ ಅವರ ಹೆಸರಿನ ಬೀದಿಯೂ ಮ್ಯೂಸಿಯಮ್ಮಿರುವ ಮನೆಯೂ ಇವೆ. ಅವರು ಉಳಿದುಕೊಂಡದ್ದು ಆ ಮನೆಯಲ್ಲಲ್ಲ, ಹತ್ತಿರದ ಇನ್ನೊಂದರಲ್ಲಿ ಎಂದು ಸಂಶೋಧಕರು ಹೇಳುತ್ತಾರೆ. 1999ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಹುಸ್ ಅವರ ಕ್ರೂರ ಸಾವಿಗೆ ಆಳವಾದ ವಿಷಾದ ವ್ಯಕ್ತಪಡಿಸಿದರು.

ಮಾರ್ಗದರ್ಶಿ ಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಅದೇ ಸಭೆಯಲ್ಲಿ ಎದ್ದ ಇನ್ನೊಂದು ವಾದವನ್ನು ನಾವು ಬಿಡಲಾರೆವು. ಪೋಲೆಂಡಿನ ಕ್ರಾಕೋವ್ ವಿಶ್ವವಿದ್ಯಾಲಯದ ಮುಖ್ಯಸ್ಥ ಪಾವೆಲ್ ವ್ಲಾದ್ಕೋವಿಚ್ ಅಲ್ಲಿ ಒಂದು ಪ್ರಶ್ನೆ ಎತ್ತಿದರು: ಕ್ರೈಸ್ತರಲ್ಲದವರ ನೆಲವನ್ನು, ಅವರು ಕ್ರೈಸ್ತರಲ್ಲ ಎಂಬ ಒಂದೇ ಕಾರಣಕ್ಕೆ ಕಿತ್ತುಕೊಳ್ಳಬಹುದೇ? ಬಾಲ್ಟಿಕ್ ಸಮುದ್ರದ ಕಡೆಯ ಜನರ ಮೇಲೆ ಜರ್ಮನ್ ಧರ್ಮಯೋಧರ ಸಂಘವೊಂದು ಕತ್ತಿ ಹಿಡಿದು ಮತಪ್ರಚಾರಕ್ಕೆ ಇಳಿದಿತ್ತು. ಅನ್ಯಧರ್ಮೀಯರು ಶಾಂತಿಯಿಂದ ಬಾಳುತ್ತಿದ್ದರೆ ಅವರ ನೆಲ, ಸೊತ್ತು, ಆಡಳಿತ ಅವರದೇ, ನಂಬಿಕೆಯನ್ನು ಬಲಾತ್ಕಾರದಿಂದ ಹೇರುವಂತಿಲ್ಲ ಎಂದು ಪಾವೆಲ್ ವಾದಿಸಿದರು. ಸಭೆ ಸ್ಪಷ್ಟ ತೀರ್ಪು ಕೊಡಲಿಲ್ಲ. ಬೇರೆ ನಂಬಿಕೆಯವನಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕೇ, ಅವನ ಹಕ್ಕನ್ನು ಒಪ್ಪಬೇಕೇ ಎಂಬ ಎರಡು ಪ್ರಶ್ನೆಗಳು ಹೀಗೆ ಒಂದೇ ಊರಿನಲ್ಲಿ, ಒಂದೇ ಕಾಲದಲ್ಲಿ ಎದ್ದಿದ್ದವು. ಒಂದಕ್ಕೆ ಬೆಂಕಿ ಉತ್ತರವಾಯಿತು, ಇನ್ನೊಂದಕ್ಕೆ ಮೌನ.

ತೀರ್ಪು ಓದಿದ ದೊಡ್ಡ ಚರ್ಚಿನ ಮಗ್ಗುಲಲ್ಲೇ ಒಂದು ದುಂಡನೆಯ ಗುಡಿಯಿದೆ. ಹತ್ತನೇ ಶತಮಾನದಲ್ಲಿ ಬಿಷಪ್ ಕೊನ್ರಾಡ್ ಜೆರುಸಲೇಮಿಗೆ ಯಾತ್ರೆ ಹೋಗಿಬಂದು, ಅಲ್ಲಿನ ಏಸುವಿನ ಸಮಾಧಿಯ ಮಾದರಿಯಲ್ಲಿ ಇದನ್ನು ಕಟ್ಟಿಸಿದರು. ಆಗ ಜೆರುಸಲೇಮ್ ಮುಸ್ಲಿಮರ ಆಳ್ವಿಕೆಯಲ್ಲಿತ್ತು. ಜರ್ಮನಿಯ ಬಿಷಪರು ಅಲ್ಲಿಗೆ ಹೋಗಿ, ಪ್ರಾರ್ಥಿಸಿ, ಮರಳಿ ಊರಿಗೆ ಬಂದರು.

ಹುಸ್ ಸೆರೆಯಲ್ಲಿದ್ದ ದ್ವೀಪದ ಮಠ ಈಗ ದುಬಾರಿ ಹೋಟೆಲು. ನಡುವೆ ಅದು ಕಾರ್ಖಾನೆಯೂ ಆಗಿತ್ತು. 1785ರಲ್ಲಿ ಜಿನೀವಾದಿಂದ ಬಂದ ಮಕೇರ್ ಕುಟುಂಬ ಅಲ್ಲಿ ನೀಲಿ ಬಣ್ಣದ ಹತ್ತಿ ಬಟ್ಟೆ ಮುದ್ರಿಸುವ ಕೆಲಸ ಆರಂಭಿಸಿತು. ಭಾರತದ ಚೀಟಿ ಬಟ್ಟೆಗೆ ಮರುಳಾಗಿದ್ದ ಯುರೋಪು ಅಂಥ ಬಟ್ಟೆಯನ್ನು 'ಇಂಡಿಯೆನ್' ಎಂದೇ ಕರೆಯುತ್ತಿತ್ತು. ಆ ಕುಟುಂಬದ ಹೆಣ್ಣುಮಗಳ ಮಗನೇ ವಾಯುನೌಕೆಯ ಜೆಪ್ಪೆಲಿನ್. ಅವನು 1838ರಲ್ಲಿ ಇದೇ ದ್ವೀಪದಲ್ಲಿ ಹುಟ್ಟಿದ.

ಹಳೆಯ ಊರಿನಲ್ಲಿ ದೊರೆಯ ಹೆಸರಿನ ಸಿಗಿಸ್ಮಂಡ್ ಬೀದಿಯೂ ಇದೆ. ಪ್ರವಾಸಿಗರು ಸಾಮಾನ್ಯವಾಗಿ ಅಲ್ಲಿ ನಿಲ್ಲುವುದಿಲ್ಲ. ಮಹಾಮಾರಿಯ ಕಾಲದಲ್ಲಿ, 1349ರಲ್ಲಿ, ಈ ಊರು ತನ್ನ ಯಹೂದಿಗಳನ್ನು ಸುಟ್ಟಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಮರಳಿ ಬಂದವರು ಸಮಾನ ಪೌರರೆಂಬ ಕಾನೂನಿನ ಭರವಸೆಯಲ್ಲಿ ಆ ಬೀದಿಯಲ್ಲಿ ತಮ್ಮ ಆರಾಧನಾಲಯ ಕಟ್ಟಿಕೊಂಡರು. 1938ರ ನವೆಂಬರ್ 10ರಂದು ನಾಜಿಗಳು ಅದನ್ನು ನಾಶಮಾಡಿದರು. 1940ರ ಅಕ್ಟೋಬರ್ 22ರಂದು ಊರಿನಲ್ಲಿ ಉಳಿದಿದ್ದ ಯಹೂದಿಗಳನ್ನು ರೈಲಿಗೆ ತುಂಬಿ ಫ್ರಾನ್ಸಿನ ಗುರ್ಸ್ ಶಿಬಿರಕ್ಕೆ ಕಳಿಸಿದರು. ಸ್ವಿಟ್ಜರ್ಲೆಂಡಿನ ಗಡಿ ಅಲ್ಲಿಂದ ಕಾಲ್ನಡಿಗೆಯ ದೂರದಲ್ಲಿತ್ತು. 2019ರ ನವೆಂಬರಿನಲ್ಲಿ ಅದೇ ಬೀದಿಯಲ್ಲಿ ಹೊಸ ಆರಾಧನಾಲಯದ ಬಾಗಿಲು ತೆರೆಯಿತು.