ಟಿಂಡಾಲನ ವಿರಾಮಕಾಲ

ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 1853ನೆಯ ಇಸವಿಯಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾಗಿ ನಿಯುಕ್ತನಾದ ಜಾನ್ ಟಿಂಡಾಲನು ಸ್ವಭಾವತಃ ವಿಶ್ರಾಂತಿಯನ್ನರಿಯದ ಮನುಷ್ಯ. ಐರ್ಲೆಂಡಿನ ಸಣ್ಣ ಊರೊಂದರಲ್ಲಿ 1820ರಲ್ಲಿ ಹುಟ್ಟಿ, ಭೂಮಾಪನದ ಕೆಲಸದಲ್ಲಿಯೂ ರೈಲುದಾರಿಗಳ ಸರ್ವೆಯಲ್ಲಿಯೂ ದುಡಿದು, ಬಳಿಕ ಜರ್ಮನಿಯ ಮಾರ್ಬುರ್ಗಿಗೆ ತೆರಳಿ ವಿದ್ಯೆಯನ್ನು ಸಂಪಾದಿಸಿದವನು. ಉಪನ್ಯಾಸ, ಪ್ರಯೋಗ, ಲೇಖನ ಇವುಗಳ ಭಾರದಿಂದ ಆತನಿಗೆ ರಾತ್ರಿ ನಿದ್ರೆ ಸುಳಿಯುತ್ತಿರಲಿಲ್ಲ. ಬೇಸಗೆಯ ದೀರ್ಘಾವಕಾಶವು ಬಂದಾಗ ಇಂಥವನು ಸುಮ್ಮನೆ ಕುಳಿತಾನೆ? ಆಲ್ಪ್ಸ್ ಪರ್ವತಗಳಿಗೆ ಹೊರಟುಬಿಡುವನು.

ಮೊದಮೊದಲು ಶಾಸ್ತ್ರವೇ ಈ ಪ್ರಯಾಣಗಳಿಗೆ ಕಾರಣವಾಗಿದ್ದಿತು. 1856ರಲ್ಲಿ ಮಿತ್ರನಾದ ಹಕ್ಸ್‌ಲಿಯನ್ನು ಕೂಡಿಕೊಂಡು ಹಿಮನದಿಗಳ ರಚನೆಯನ್ನು ನೋಡಲು ಹೋದನು. ಮರುವರ್ಷ ಮೇರ್ ದ ಗ್ಲಾಸ್ ಎಂಬ ಹಿಮನದಿಯ ಮೇಲೆ ಗೂಟಗಳನ್ನು ನೆಟ್ಟು ಅದರ ಚಲನೆಯನ್ನು ಅಳೆದನು. ಆದರೆ ಅಳೆಯಲು ಹೋದ ಕಾಲು ಏರಲು ಕಲಿಯಿತು. 1858ರ ಆಗಸ್ಟಿನಲ್ಲಿ ಒಂದು ಶೀಸೆ ಚಹಾ, ತುಸು ರೊಟ್ಟಿ ಮಾಂಸಗಳನ್ನು ಮಾತ್ರ ತೆಗೆದುಕೊಂಡು, ಜೊತೆಗೆ ಯಾರೂ ಇಲ್ಲದೆ, ಮಾಂಟೆ ರೋಸಾದ ಶಿಖರವನ್ನು ಮುಟ್ಟಿ ಬಂದನು. ಇದನ್ನು ಹಿಮನದಿಯ ಅಧ್ಯಯನವೆಂದು ಯಾರು ತಾನೆ ಕರೆದಾರು?

ಆ ವೇಳೆಗೆ ಲಂಡನ್ನಿನಲ್ಲಿ ಆಲ್ಪೈನ್ ಕ್ಲಬ್ಬು ಹುಟ್ಟಿದ್ದಿತು (1857). ವಕೀಲರು, ಪಾದ್ರಿಗಳು, ಕಾಲೇಜಿನ ಉಪಾಧ್ಯಾಯರು, ಎಂದರೆ ರಜವುಳ್ಳ ಜನರೇ ಅದರಲ್ಲಿ ಹೆಚ್ಚು. ಕೇಂಬ್ರಿಜ್ಜಿನ ಲೆಸ್ಲಿ ಸ್ಟೀಫನ್ನನು ಪರ್ವತಾರೋಹಣವು ಕೇವಲ ಆಟವೆಂದು ಒಪ್ಪಿಕೊಂಡು, ಶಾಸ್ತ್ರದ ನೆಪವನ್ನು ಬಹಿರಂಗವಾಗಿ ಪರಿಹಾಸ್ಯ ಮಾಡುತ್ತಿದ್ದನು. ಟಿಂಡಾಲನಿಗೆ ಆ ಹಾಸ್ಯ ರುಚಿಸಲಿಲ್ಲ. ಆದರೂ ಆತನ ನಡತೆಯೇ ಸ್ಟೀಫನ್ನನ ಪಕ್ಷಕ್ಕೆ ಸಾಕ್ಷಿ ನುಡಿಯಿತೆಂಬುದು ವಿನೋದ.

1861ರ ಆಗಸ್ಟ್ 19ರಂದು ಟಿಂಡಾಲನು ಅಲ್ಲಿಯವರೆಗೆ ಯಾರೂ ಏರದಿದ್ದ ವೈಸ್‌ಹಾರ್ನ್ ಶಿಖರವನ್ನೇರಿದನು. ಅದರ ಎತ್ತರ ಸುಮಾರು 14,780 ಅಡಿ. ಹಿಂದಿನ ರಾತ್ರಿಯನ್ನು ಬಂಡೆಗಳ ನಡುವೆ ಕಳೆದು, ಬೆಳಗಿನ ಜಾವಕ್ಕೆ ಮುನ್ನವೇ ಹೊರಟು, ಕತ್ತಿಯ ಅಲಗಿನಂಥ ಹಿಮದ ಏಣಿನ ಮೇಲೆ ಗಂಟೆಗಟ್ಟಲೆ ನಡೆದದ್ದಾಯಿತು. ತುದಿಯಲ್ಲಿ ಟಿಂಡಾಲನು ಅಭ್ಯಾಸದಂತೆ ಟಿಪ್ಪಣಿಯ ಪುಸ್ತಕವನ್ನು ಬಿಚ್ಚಿದನು. ಬಿಚ್ಚಿ, ಆ ದರ್ಶನದ ಮುಂದೆ ಲೆಕ್ಕ ಬರೆಯುವುದು ಅಪಚಾರವೆಂದು ತೋರಿ, ಮುಚ್ಚಿಬಿಟ್ಟನು. ಇಷ್ಟು ವರ್ಷ ಹೊತ್ತು ತಂದ ನೆಪವು ಅಲ್ಲಿಗೆ ಮುಗಿಯಿತು.

ಅದೇ ಹೊತ್ತಿನಲ್ಲಿ ಆತನ ಪಕ್ಕದಲ್ಲಿ ಇನ್ನೊಬ್ಬನು ಹಿಮಗೊಡಲಿಯ ಹಿಡಿಗೆ ಕೆಂಪು ಕೈವಸ್ತ್ರವನ್ನು ಕಟ್ಟಿ ಬಾವುಟವನ್ನು ನಿಲ್ಲಿಸುತ್ತಿದ್ದನು. ಇವನೇ ವಾಲೆ ಪ್ರಾಂತದ ಲಾಕ್ಸ್ ಎಂಬ ಹಳ್ಳಿಯ ಯೋಹಾನ್ ಯೋಸೆಫ್ ಬೆನ್ನೆನ್. ವೆಂಗರನೆಂಬ ಮತ್ತೊಬ್ಬನೂ ಜೊತೆಯಲ್ಲಿದ್ದನು. ಹಿಮದಲ್ಲಿ ಮೆಟ್ಟಿಲು ಕಡಿಯುವವರು, ಹಗ್ಗ ಹಿಡಿಯುವವರು, ಹಿಂದಿರುಗಬೇಕೋ ಮುನ್ನಡೆಯಬೇಕೋ ಎಂದು ನಿರ್ಣಯಿಸುವವರು ಈ ದಾರಿಗಾರರೇ. ಪ್ರಾಧ್ಯಾಪಕನ ರಜ ಇವರಿಗೆ ಸುಗ್ಗಿ. ಆತನ ಆಟ ಇವರ ಜೀವನೋಪಾಯ. ಸಂಬಂಧವು ಕೂಲಿಯದಷ್ಟೇ ಆಗಿರಲಿಲ್ಲವೆಂಬುದಕ್ಕೆ ಟಿಂಡಾಲನ ಬರಹವೇ ಪ್ರಮಾಣ: ಬೆನ್ನೆನ್ನನ ಬಲವನ್ನೂ ವಿವೇಕವನ್ನೂ ಆತನು ಮನಸಾರೆ ಹೊಗಳಿದ್ದಾನೆ. 1862ರಲ್ಲಿ ಮ್ಯಾಟರ್‌ಹಾರ್ನಿನ ಭುಜದವರೆಗೆ ಏರಿ, ಮುಂದಿನದು ತಮ್ಮಿಂದಾಗದೆಂದು ಹಿಂದಿರುಗಿದಾಗಲೂ ಬೆನ್ನೆನ್ ಜೊತೆಯಲ್ಲಿದ್ದನು. ಆ ಭುಜಕ್ಕೆ ಈಗ ಟಿಂಡಾಲನ ಹೆಸರಿದೆ, ಬೆನ್ನೆನ್ನನದಿಲ್ಲ.

1864ರ ಫೆಬ್ರವರಿ 28ರಂದು ಬೇರೆ ಇಬ್ಬರು ಪ್ರವಾಸಿಗಳೊಡನೆ ಬೆನ್ನೆನ್ ಓ ದ ಕ್ರಿ ಎಂಬ ಬೆಟ್ಟವನ್ನೇರುತ್ತಿದ್ದನು. ಚಳಿಗಾಲದ ಹಿಮ; ಅವನಿಗೆ ಪರಿಚಯವಿಲ್ಲದ ಸ್ಥಳ. ಕಡಿದಾದ ಹಿಮದ ಇಳುಕಲನ್ನು ಅಡ್ಡ ದಾಟುವಾಗ, ಇದು ಜಾರೀತೆಂದು ಅವನು ಶಂಕಿಸಿದನು. ಆ ಕಡೆಯ ಊರಿನವರೇ ಆದ ಸಹಾಯಕರು ಭಯವಿಲ್ಲವೆಂದರು. ಅವರ ಮಾತನ್ನು ನಂಬಿ ಮುಂದೆ ಹೆಜ್ಜೆಯಿಟ್ಟನು. ಹಿಮವು ಬಿರಿದು ಎಲ್ಲರನ್ನೂ ಕೊಚ್ಚಿಕೊಂಡು ಹೋಯಿತು. ಪ್ರವಾಸಿಗಳಲ್ಲಿ ಒಬ್ಬನೂ ಬೆನ್ನೆನ್ನನೂ ಸತ್ತರು.

ಇಂಗ್ಲೆಂಡಿನಲ್ಲಿ ಅವನ ತಾಯಿ ಮತ್ತು ಅಕ್ಕತಂಗಿಯರಿಗಾಗಿ ಚಂದಾ ಎತ್ತಲಾಯಿತು. ಟಿಂಡಾಲನು ಇನ್ನಿಬ್ಬರು ಗೆಳೆಯರೊಡನೆ ಸೇರಿ ಎರ್ನೆನ್ ಗ್ರಾಮದ ಸ್ಮಶಾನದಲ್ಲಿ ಒಂದು ಸಣ್ಣ ಸ್ಮಾರಕವನ್ನು ನಿಲ್ಲಿಸಲು ಏರ್ಪಡಿಸಿದನು. ಮೇಲ್ವಿಚಾರಣೆಯನ್ನು ಬೆನ್ನೆನ್ನನ ಸ್ನೇಹಿತನಾದ ಒಬ್ಬ ಪಾದ್ರಿಗೆ ಒಪ್ಪಿಸಿದ್ದರು; ಕೆಲಸ ಚೆನ್ನಾಗಿ ನಡೆಯಲಿಲ್ಲವೆಂದು ಟಿಂಡಾಲನು 1871ರ ತನ್ನ ಪುಸ್ತಕದಲ್ಲಿ ನೊಂದು ಬರೆದಿದ್ದಾನೆ. 1868ರಲ್ಲಿ ಆತನು ಮ್ಯಾಟರ್‌ಹಾರ್ನಿನ ಶಿಖರವನ್ನು ಮುಟ್ಟಿ, ಒಂದು ಕಡೆಯಿಂದ ಏರಿ ಮತ್ತೊಂದು ಕಡೆಗೆ ಇಳಿದನು. ಆಗ ಹಗ್ಗದ ಇನ್ನೊಂದು ತುದಿಯಲ್ಲಿದ್ದವರು ಬೇರೆಯವರು.