ಅಪ್ಪಾಜಿಯ ಫಿಯಟ್ಟು, ಆಗುಂಬೆ ಘಾಟಿ ಮತ್ತು ಒಂದು ಜೊತೆ ಬ್ರೇಕಿನ ಚರಿತ್ರೆ

ತುಂಬಾ ದಿನದಿಂದ ಇದನ್ನ ಬರೀಬೇಕು ಅಂದ್ಕೊಂಡಿದ್ದೆ. ಸೋಮಾರಿತನ, ಮತ್ತೇನಿಲ್ಲ. ಮೊನ್ನೆ ಊರಿಗೆ ಹೋದಾಗ ಅಪ್ಪಾಜಿ "ಏನೋ, ಕಾರಿನ ಕತೆ ಬರೀತೀನಿ ಅಂದಿದ್ದೆ, ಬರೆದ್ಯಾ?" ಅಂತ ಕೇಳಿದ್ರು. ಇನ್ನು ತಪ್ಪಿಸಿಕೊಳ್ಳೋಕಾಗಲ್ಲ :-)

ನಮ್ಮೂರು ಸವಳಂಗ. ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಬಸ್ಸಲ್ಲಿ ಹೋದೋರಿಗೆ ಗೊತ್ತಿರುತ್ತೆ. ಅಲ್ಲಿಂದಲೇ ನ್ಯಾಮತಿ, ಹೊನ್ನಾಳಿ ಕಡೆಗೆ ದಾರಿ ಕವಲೊಡೆಯುತ್ತೆ. ನಾನು ಶಾಲೆಗೆ ಹೋಗುವಾಗ ಶಿವಮೊಗ್ಗ ಜಿಲ್ಲೆ, 1997ರಲ್ಲಿ ದಾವಣಗೆರೆ ಜಿಲ್ಲೆ, ಆಮೇಲೆ ಹೊನ್ನಾಳಿ ತಾಲ್ಲೂಕು ಹೋಗಿ ನ್ಯಾಮತಿ ತಾಲ್ಲೂಕು. ಊರು ಅಲ್ಲೇ ಇದೆ, ವಿಳಾಸ ಮಾತ್ರ ಬದಲಾಗ್ತಾ ಬಂತು. ನಮ್ಮನೆ ಕಾರಿನದೂ ಹೆಚ್ಚುಕಡಿಮೆ ಇದೇ ಕತೆ. ಅದರ ಹೆಸರು ಪ್ರೀಮಿಯರ್ ಪದ್ಮಿನಿ, 1978ರ ಮಾಡೆಲ್. ಆದರೆ ನಮ್ಮನೇಲಿ ಯಾರೂ ಅದನ್ನ ಪದ್ಮಿನಿ ಅಂತ ಕರೆದಿದ್ದೇ ಇಲ್ಲ. "ಫಿಯಟ್ಟು" ಅಷ್ಟೇ.

ಅಪ್ಪಾಜಿ ಅದನ್ನ 1986ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ರು. ಅಡಿಕೆ ಚೀಲ, ಬಾಣಂತಿ, ಮದುವೆ ದಿಬ್ಬಣ, ಎಲ್ಲಾ ಹೊತ್ತಿದೆ. ಈ ಕಾರಿಗೆ ಹೊಸ ಬ್ರೇಕ್ ಹಾಕಿಸೋ ವಿಷಯಕ್ಕೆ ನಮ್ಮನೇಲಿ ಒಂದು ವರ್ಷ ಜಗಳ ನಡೀತು. ಜಗಳದ ಮೂಲ ಹುಡುಕ್ತಾ ಹೋದಾಗ ನಾನು ಸರ್ ಎಂ. ವಿಶ್ವೇಶ್ವರಯ್ಯನವರ ತನಕ ಹೋಗಿ ಮುಟ್ಟಿದೆ. ನಂಬಿ!

*

ಮೊದಲು ಜಗಳದ ಕಾರಣ ಹೇಳಿಬಿಡ್ತೀನಿ.

1993ರ ಮೇ ತಿಂಗಳು. ಉಡುಪಿಯಲ್ಲಿ ಒಂದು ಮದುವೆ. ಬೆಳಿಗ್ಗೆ ಹೊರಟು ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ ಇಳೀತಿದ್ವಿ. ಕಾರಲ್ಲಿ ನಾವು ಏಳು ಜನ, ಮೇಲೆ ಕ್ಯಾರಿಯರ್ ತುಂಬಾ ಸಾಮಾನು. ಸೋಮೇಶ್ವರದ ಕಡೆಗೆ ಇಳಿಯೋ ಆ ಹದಿನಾಲ್ಕು ಸುತ್ತುಗಳಲ್ಲಿ ಏಳೋ ಎಂಟೋ ಆಗಿತ್ತು. ಲೈನರ್ ಸುಟ್ಟ ವಾಸನೆ. ಅಪ್ಪಾಜಿ ಕಾಲು ಒತ್ತಿದ್ರು, ಪೆಡಲು ಹತ್ತಿ ತುಂಬಿದ ಚೀಲದ ಥರ ಮೆತ್ತಗೆ ನೆಲ ಮುಟ್ತು. ಮತ್ತೆ ಒತ್ತಿದ್ರು. ಏನೂ ಇಲ್ಲ. ಗೇರನ್ನ ಕರಕರ ಅಂತ ಎರಡಕ್ಕೆ ತಳ್ಳಿ, ಹ್ಯಾಂಡ್ ಬ್ರೇಕ್ ಎಳೆದು, ಬೆಟ್ಟದ ಕಡೆಯ ಚರಂಡಿಗೆ ಚಕ್ರ ಇಳಿಸಿ ನಿಲ್ಸಿದ್ರು. ಇನ್ನೊಂದು ಬದಿಗೆ ಹೋಗಿದ್ರೆ ಈ ಬರಹ ಇರ್ತಿರಲಿಲ್ಲ.

ಯಾರಿಗೂ ಏನೂ ಆಗಲಿಲ್ಲ. ಆದರೆ ಅವತ್ತಿಂದ ಅಮ್ಮ ಆ ಕಾರಿನ ಮುಂದಿನ ಸೀಟಲ್ಲಿ ಕೂತಿಲ್ಲ. ಒಂದು ಮಾತೂ ಆಡಲಿಲ್ಲ, ಹಿಂದೆ ಕೂತ್ರು ಅಷ್ಟೇ. ಮೂವತ್ತು ವರ್ಷ!

*

ಈಗ ಚರಿತ್ರೆಗೆ ಬರೋಣ. ನಮ್ಮ ಕಾರಿನ ಮುಂದಿನ ಚಕ್ರಗಳಲ್ಲಿ ಇದ್ದಿದ್ದು ಡ್ರಮ್ ಬ್ರೇಕು. ಚಕ್ರದ ಜೊತೆ ತಿರುಗೋ ಒಂದು ಕಬ್ಬಿಣದ ಬೋಗುಣಿ, ಒಳಗಿಂದ ಎರಡು ಶೂ ಹಿಗ್ಗಿ ಅದನ್ನ ಒತ್ತಿ ಹಿಡಿಯುತ್ತೆ. ಸಪಾಟು ರಸ್ತೆಗೆ ಇದು ಧಾರಾಳ ಸಾಕು. ಕಷ್ಟ ಇರೋದು ಬಿಸಿಯಲ್ಲಿ. ಬಿಸಿ ಹೊರಗೆ ಹೋಗೋಕೆ ದಾರಿ ಕಡಿಮೆ. ಡ್ರಮ್ಮು ಕಾದಷ್ಟೂ ಹಿಗ್ಗಿ ಶೂನಿಂದ ದೂರ ಸರಿಯುತ್ತೆ, ಲೈನರ್ ತನ್ನ ಹಿಡಿತ ಕಳ್ಕೊಳ್ಳುತ್ತೆ. ಅಂದ್ರೆ ಬ್ರೇಕು ಅತಿ ಹೆಚ್ಚು ಬೇಕಾದ ಹೊತ್ತಲ್ಲೇ ಅತಿ ಕಡಿಮೆ ಸಿಗುತ್ತೆ.

ಡಿಸ್ಕ್ ಬ್ರೇಕಲ್ಲಿ ಬಯಲಲ್ಲಿ ತಿರುಗೋ ಒಂದು ತಟ್ಟೆ, ಎರಡೂ ಕಡೆಯಿಂದ ಪ್ಯಾಡುಗಳು ಅದನ್ನ ಹಿಂಡುತ್ತವೆ. ಗಾಳಿ ನೇರವಾಗಿ ತಾಗುತ್ತೆ, ತಟ್ಟೆ ಕಾದು ದಪ್ಪ ಆದ್ರೂ ಪ್ಯಾಡಿನ ಕಡೆಗೇ ಹಿಗ್ಗುತ್ತೆ. ಇದು ಹೊಸ ಬುದ್ಧಿಯೇನಲ್ಲ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಪೇಟೆಂಟ್ ಮಾಡಿಸಿದ್ದ. ಆದರೆ ಅದಕ್ಕೆ ಕಾಲ ಕೂಡಿ ಬಂದಿದ್ದು ಅರ್ಧ ಶತಮಾನದ ನಂತರ. 1953ರಲ್ಲಿ ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಲೆ ಮಾನ್ಸ್‌ನ 24 ಗಂಟೆಯ ರೇಸ್ ಗೆದ್ದಿತು. 1955ರಲ್ಲಿ ಫ್ರಾನ್ಸಿನ ಸಿಟ್ರೊಯೆನ್ ಡಿಎಸ್ ಕಾರಿನ ಮುಂದಿನ ಚಕ್ರಗಳಿಗೆ ಅದು ಬಂತು.

ಫಿಯಟ್‌ಗೂ ಬಂತು! ನಮ್ಮ ಪದ್ಮಿನಿಯ ಮೂಲ ಇಟಲಿಯ ಫಿಯಟ್ 1100ಡಿ. 1966ರಲ್ಲಿ ಅದರ ಜಾಗಕ್ಕೆ ಬಂದ 1100ಆರ್ ಕಾರಿಗೆ ಇಟಲಿಯವರು ಮುಂದೆ ಡಿಸ್ಕ್ ಬ್ರೇಕ್ ಕೊಟ್ಟಿದ್ರು. ಅಂದ್ರೆ 1978ರಲ್ಲಿ ಬಾಂಬೆಯ ಕುರ್ಲಾದಲ್ಲಿ ನಮ್ಮ ಕಾರು ತಯಾರಾಗುವಾಗ, ಅದರ ತಮ್ಮನಿಗೆ ಡಿಸ್ಕ್ ಬಂದು ಹನ್ನೆರಡು ವರ್ಷ ಆಗಿತ್ತು. ನಮ್ಮ ಪಾಲಿಗೆ ಅಣ್ಣನೇ ಗತಿ.

ಯಾಕೆ ಹಾಗಾಯ್ತು? ಇಲ್ಲೇ ವಿಶ್ವೇಶ್ವರಯ್ಯನವರು ಬರೋದು.

*

1930ರ ದಶಕದ ನಡುವಿನಲ್ಲಿ, ಎಪ್ಪತ್ತು ದಾಟಿದ ವಯಸ್ಸಲ್ಲಿ, ಸರ್ ಎಂ.ವಿ. ಒಂದು ಕನಸು ಹಿಡ್ಕೊಂಡು ಯುರೋಪು, ಅಮೆರಿಕ ಸುತ್ತಿದ್ರು. ಇಂಡಿಯಾದಲ್ಲೇ ಕಾರು ಮಾಡಬೇಕು ಅನ್ನೋದು ಆ ಕನಸು. ಬಾಂಬೆಯ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ಜೊತೆಗಿದ್ರು. ಮೈಸೂರು ಸಂಸ್ಥಾನ ಬೆಂಗಳೂರಲ್ಲಿ ಕಾರ್ಖಾನೆಗೆ ಬೆಂಬಲ ಕೊಡೋಕೆ ಮುಂದೆ ಬಂದಿತ್ತು. ಆಗ ಮಿರ್ಜಾ ಇಸ್ಮಾಯಿಲ್ ದಿವಾನರು. ಆದರೆ ಬ್ರಿಟಿಷ್ ಸರ್ಕಾರದ ಒಪ್ಪಿಗೆ ಸಿಗಲಿಲ್ಲ, ಯೋಜನೆ ಮುರಿದುಬಿತ್ತು. ಅದೇ ವಾಲ್‌ಚಂದ್ 1940ರಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದ್ರು, ಇವತ್ತಿನ ಎಚ್‌ಎಎಲ್. ವಿಮಾನಕ್ಕೆ ಸಿಕ್ಕ ಜಾಗ ಕಾರಿಗೆ ಸಿಗಲಿಲ್ಲ. 1944ರಲ್ಲಿ ವಾಲ್‌ಚಂದ್ ಬಾಂಬೆಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದ್ರು. ಅತ್ತ ಬಿರ್ಲಾಗಳ ಹಿಂದೂಸ್ತಾನ್ ಮೋಟಾರ್ಸ್ 1942ರಲ್ಲೇ ಹುಟ್ಟಿತ್ತು. ಅಂಬಾಸಿಡರ್ ಅವರದು.

ಸ್ವಲ್ಪ ಯೋಚಿಸಿ. ಲೆಕ್ಕ ಸರಿ ಹೋಗಿದ್ರೆ ನಮ್ಮನೆ ಫಿಯಟ್ಟಿನ ಹೊಟ್ಟೆ ಮೇಲೆ "ಬೆಂಗಳೂರು" ಅಂತ ಇರ್ತಿತ್ತೇನೋ!

ಸ್ವಾತಂತ್ರ್ಯದ ನಂತರ ಸರ್ಕಾರ ಒಂದು ನಿಲುವು ತಗೊಂತು. ಬರೀ ಬಿಡಿಭಾಗ ತಂದು ಜೋಡಿಸೋರು ಬೇಡ, ಇಲ್ಲೇ ತಯಾರಿಸೋರು ಮಾತ್ರ ಇರಲಿ ಅಂತ. 1953ರ ಟಾರಿಫ್ ಕಮಿಷನ್ ಶಿಫಾರಸಿನ ನಂತರ ಫೋರ್ಡ್, ಜನರಲ್ ಮೋಟಾರ್ಸ್ ಬಾಗಿಲು ಹಾಕ್ಕೊಂಡು ಹೋದವು. ಉಳಿದವರು ಮುಖ್ಯವಾಗಿ ಮೂವರು: ಹಿಂದೂಸ್ತಾನ್, ಪ್ರೀಮಿಯರ್, ಮದ್ರಾಸಿನ ಸ್ಟ್ಯಾಂಡರ್ಡ್. ಲೈಸೆನ್ಸ್ ಇದ್ದಷ್ಟೇ ಕಾರು ಮಾಡಬೇಕು, ಜನ ವರ್ಷಗಟ್ಟಲೆ ಕಾಯಬೇಕು. 1969ರಲ್ಲಿ ಸರ್ಕಾರ ಕಾರಿನ ಬೆಲೆಯನ್ನೂ ತಾನೇ ಕಟ್ಟಿತು. ಕಂಪನಿಗಳು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವು.

ಸಾಲಲ್ಲಿ ಜನ ಕಾಯ್ತಾ ನಿಂತಿರುವಾಗ, ಬೆಲೆ ಏರಿಸೋಕೂ ಬಿಡದೇ ಇರುವಾಗ, ಯಾವ ಕಂಪನಿ ತಾನೇ ಹೊಸ ಬ್ರೇಕಿಗೆ ದುಡ್ಡು ಹಾಕುತ್ತೆ? 1964ರಿಂದ ಇಲ್ಲಿ ತಯಾರಾದ 1100ಡಿ, ಫಿಯಟ್ ಜೊತೆಗಿನ ಒಪ್ಪಂದ ಮುಗಿದ ಮೇಲೆ ಪ್ರೀಮಿಯರ್ ಪ್ರೆಸಿಡೆಂಟ್ ಆಯ್ತು, 1974ರಲ್ಲಿ ಪದ್ಮಿನಿ ಆಯ್ತು. ಹೆಸರು ಬದಲಾಯ್ತು, ಡ್ರಮ್ಮು ಬದಲಾಗಲಿಲ್ಲ. 1983ರ ಡಿಸೆಂಬರಲ್ಲಿ ಮಾರುತಿ ಬಂದ ಮೇಲೇ ಕೆರೆಗೆ ಕಲ್ಲು ಬಿದ್ದಿದ್ದು.

*

ಹೋದ ವರ್ಷ ಶಿವಮೊಗ್ಗದ ಒಬ್ಬ ಹಳೇ ಮೇಸ್ತ್ರಿ ಹತ್ರ ಕಾರು ತಗೊಂಡು ಹೋದೆ. ಅಪ್ಪಾಜಿಯೂ ಬಂದಿದ್ರು, ಮುಖ ಗಂಟು ಹಾಕ್ಕೊಂಡು. "ಕಂಪನಿಯೋರು ಕೊಟ್ಟಿದ್ದನ್ನ ಕಿತ್ತು ಹಾಕೋದು ಅಂದ್ರೆ ಅದು ಫಿಯಟ್ಟೇ ಅಲ್ಲ" ಅನ್ನೋದು ಅವರ ವಾದ. ಅದರಲ್ಲೂ ಒಂದು ಲೆಕ್ಕ ಇತ್ತು. 2021ರಲ್ಲಿ ಬಂದ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಯನ್ನ ವಿಂಟೇಜ್ ಅಂತ ನೋಂದಾಯಿಸಬಹುದು, ಆದರೆ ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು. ನಮ್ಮದಕ್ಕೆ 2028ಕ್ಕೆ ಐವತ್ತು. "ಅದರಲ್ಲಿ ಬ್ರೇಕಿನ ಮಾತಿಲ್ಲ ಅಪ್ಪಾಜಿ" ಅಂದೆ. "ಮಾತಿಲ್ಲ ಅಂತ ಮರ್ಯಾದೆ ಇಲ್ವಾ?" ಅಂದ್ರು :-)

ಮೇಸ್ತ್ರಿ ಜಾಕ್ ಕೊಟ್ಟು ಮುಂದಿನ ಚಕ್ರ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದ್ರು. ಟಕ್ ಟಕ್ ಅಂತು. "ಯಜಮಾನ್ರೇ, ಬ್ರೇಕಿನ ಮಾತು ಆಮೇಲೆ. ಮೊದಲು ಇದು" ಅಂದ್ರು.

ಇಲ್ಲೊಂದು ಪಾಠ ಇದೆ, ಹಳೇ ಕಾರಿರೋರು ಕೇಳಿಸಿಕೊಳ್ಳಿ. ಫಿಯಟ್ಟಿನ ಮುಂದಿನ ಚಕ್ರ ಮೇಲೊಂದು ಕೆಳಗೊಂದು ತೋಳಿನ ನಡುವೆ ನಿಂತಿದೆ, ಜೊತೆಗೆ ಕಾಯಿಲ್ ಸ್ಪ್ರಿಂಗು. ಅಂಬಾಸಿಡರಲ್ಲಿ ಸ್ಪ್ರಿಂಗಿನ ಬದಲು ತಿರುಚಿಕೊಳ್ಳೋ ಉದ್ದನೆಯ ಟಾರ್ಶನ್ ಬಾರ್. ಫಿಯಟ್ಟಲ್ಲಿ ಚಕ್ರ ಎಡಕ್ಕೆ ಬಲಕ್ಕೆ ತಿರುಗೋದು ಕಿಂಗ್ ಪಿನ್ ಮೇಲೆ. ಗ್ರೀಸ್ ಹೊಡೀದೆ ಬಿಟ್ರೆ ಪಿನ್ನು, ಬುಷ್ಷು ಎರಡೂ ಸವೆದು ಚಕ್ರ ಓಲಾಡುತ್ತೆ. ಅಂಥ ಸಡಿಲ ಚಕ್ರಕ್ಕೆ ಬಲವಾದ ಬ್ರೇಕ್ ಕೊಟ್ರೆ ಏನಾಗುತ್ತೆ? ಒತ್ತಿದ ತಕ್ಷಣ ಎರಡು ಚಕ್ರ ಎರಡು ದಿಕ್ಕು ನೋಡುತ್ತೆ, ಕಾರು ಒಂದು ಕಡೆಗೆ ಎಳೆಯುತ್ತೆ. ಮೊದಲಿಗಿಂತ ಅಪಾಯ! ಹಾಗಾಗಿ ಮೊದಲು ಕಿಂಗ್ ಪಿನ್ ಸೆಟ್ಟು, ತೋಳಿನ ಬುಷ್ಷುಗಳು, ಹೊಸ ಶಾಕ್ ಅಬ್ಸಾರ್ಬರು. ಅದಾದ ಮೇಲೆ ಅಲೈನ್‌ಮೆಂಟ್.

ಆಮೇಲೆ ಡಿಸ್ಕು. ಗುಜರಿ ಸೇರಿದ್ದ ಬೇರೆ ಕಾರಿನ ಕ್ಯಾಲಿಪರ್ ಕೂರಿಸೋಕೆ ಲೇತಲ್ಲಿ ದಪ್ಪ ಪ್ಲೇಟು ಮಾಡಿಸಿದ್ರು. ಬರೀ ಮುಂದಿನ ಭಾಗ ಬದಲಾಯಿಸಿದ್ರೆ ಮುಗೀಲಿಲ್ಲ. ಡ್ರಮ್ಮಿನ ಮಾಸ್ಟರ್ ಸಿಲಿಂಡರಿನೊಳಗೆ ಪೈಪಲ್ಲಿ ಸ್ವಲ್ಪ ಒತ್ತಡ ಹಿಡಿದಿಡೋ ಒಂದು ಸಣ್ಣ ವಾಲ್ವ್ ಇರುತ್ತೆ. ಡಿಸ್ಕಿಗೆ ಅದು ಇದ್ರೆ ಪ್ಯಾಡು ಸದಾ ಉಜ್ಜುತ್ತಾ ಕಾಯುತ್ತೆ. ಡ್ರಮ್ಮಿನ ಶೂ ಚಕ್ರ ತಿರುಗೋ ರಭಸಕ್ಕೆ ತಾನೇ ಇನ್ನಷ್ಟು ಬಿಗಿಯುತ್ತೆ, ಡಿಸ್ಕಿಗೆ ಆ ಗುಣ ಇಲ್ಲ. ಕಾಲಿನ ಬಲ ಸಾಲದು, ಬೂಸ್ಟರ್ ಬೇಕು. ನಮ್ಮ ಕಾರಿನ ನಾಲ್ಕೂ ಚಕ್ರಕ್ಕೆ ಒಂದೇ ಸರ್ಕ್ಯೂಟ್ ಇತ್ತು, ಒಂದು ಕಡೆ ಆಯಿಲ್ ಸೋರಿದ್ರೆ ಎಲ್ಲಾ ಹೋಯ್ತು. ಅದನ್ನ ಮುಂದಕ್ಕೊಂದು, ಹಿಂದಕ್ಕೊಂದು ಅಂತ ಎರಡು ಮಾಡಿದ್ರು. ನನ್ನ ಪ್ರಕಾರ ಡಿಸ್ಕಿಗಿಂತ ದೊಡ್ಡ ಕೆಲಸ ಇದೇ. ಇಂಥ ಕೆಲಸಕ್ಕೆ ಕೈ ಹಾಕೋ ಮೊದಲು ಆರ್‌ಟಿಓದಲ್ಲಿ ಒಂದು ಮಾತು ಕೇಳಿಕೊಳ್ಳಿ, ನಾವೂ ಕೇಳಿದ್ವಿ.

*

ಹಳೇ ಬ್ರೇಕ್ ಆಯಿಲನ್ನ ಒಂದು ಡಬ್ಬಿಗೆ ಇಳಿಸಿದಾಗ ಕಪ್ಪು ಕಷಾಯ. ಮೇಸ್ತ್ರಿ ಹೇಳಿದ್ರು: "ಇದು ಗಾಳಿಯ ನೀರನ್ನ ಕುಡಿಯುತ್ತೆ. ಒಂದೆರಡು ವರ್ಷಕ್ಕೆ ಬದಲಾಯಿಸಬೇಕು. ಘಾಟಿಯಲ್ಲಿ ಕಾದ್ರೆ ಒಳಗಿನ ನೀರು ಕುದ್ದು ಆವಿ ಆಗುತ್ತೆ. ಆಗ ಪೆಡಲು ಒತ್ತಿದ್ರೆ ಆವಿ ಅಮುಕ್ಕೊಳ್ಳುತ್ತೆ, ಬ್ರೇಕ್ ಹಿಡಿಯಲ್ಲ."

ನಾನು ಅಪ್ಪಾಜಿ ಮುಖ ನೋಡಿದೆ. ಅವರು ಡಬ್ಬಿ ನೋಡ್ತಿದ್ರು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಹೇಳಿದ್ರು: "ಅವತ್ತು ಆಗುಂಬೇಲಿ ನಾನು ನ್ಯೂಟ್ರಲ್ಲಲ್ಲಿ ಇಳಿಸ್ತಿದ್ದೆ. ಪೆಟ್ರೋಲ್ ಉಳೀಲಿ ಅಂತ. ಆಯಿಲ್ಲು ಕಾರು ತಂದಾಗಿಂದ ಬದಲಾಯಿಸಿರಲಿಲ್ಲ."

ಇಷ್ಟು ವರ್ಷ ನಾನು ಲೈಸೆನ್ಸ್ ರಾಜ್ಯ, ಹಳೇ ಡಿಸೈನು, ಬ್ರಿಟಿಷರು ಎಲ್ಲರ ಮೇಲೂ ತಪ್ಪು ಹೊರಿಸ್ತಾ ಇದ್ದೆ. ಅದೂ ಸುಳ್ಳಲ್ಲ, ಡಿಸ್ಕ್ ಇದ್ದಿದ್ರೆ ಬಿಸಿ ತಡ್ಕೊಳ್ಳೋ ಶಕ್ತಿ ಜಾಸ್ತಿ ಇರ್ತಿತ್ತು. ಆದರೆ ಎಂಜಿನ್ನಿನ ಹಿಡಿತವನ್ನೇ ಬಿಟ್ಟು, ಏಳು ಜನರ ಭಾರವನ್ನ ಪೂರ್ತಿ ಬ್ರೇಕಿನ ಮೇಲೆ ಹಾಕಿದ್ದು ನಾವು. ಏರಿದ ಗೇರಲ್ಲೇ ಇಳೀಬೇಕು ಅನ್ನೋ ಮಾತು ಲಾರಿ ಡ್ರೈವರುಗಳಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ಅಪ್ಪಾಜಿ ಡಿಸ್ಕ್ ಬೇಡ ಅಂತಿದ್ದಿದ್ದು ಮೂಲರೂಪದ ಮೇಲಿನ ಪ್ರೀತಿಗೆ ಮಾತ್ರ ಅಲ್ಲ ಅಂತ ಆಗ ಗೊತ್ತಾಯ್ತು. ಬ್ರೇಕ್ ಬದಲಾಯಿಸೋದು ಅಂದ್ರೆ ಆವತ್ತಿನ ವಿಷಯ ಮತ್ತೆ ತೆಗೆದ ಹಾಗೆ ಅಲ್ವಾ.

ಬಾಂಬೆಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಲ್ಲಿ ರಸ್ತೆಯಿಂದ ಇಳೀತು. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿತ್ತು. ನಮ್ಮ ಫಿಯಟ್ಟು ಮಾತ್ರ ಸವಳಂಗದಲ್ಲಿ ಮನೆ ಮುಂದೆ ನಿಂತಿದೆ. ಹಳೇ ಡ್ರಮ್ಮು, ಶೂ ಎಲ್ಲಾ ಗ್ರೀಸ್ ಸವರಿ ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದೀವಿ. ಬೇಕಾದ್ರೆ 2028ಕ್ಕೆ ವಾಪಸ್ ಹಾಕ್ಕೊಳ್ಳಲಿ, ಅದು ಅಪ್ಪಾಜಿ ಇಷ್ಟ.

ಕಾರು ಮನೆಗೆ ಬಂದ ದಿನ ಅಪ್ಪಾಜಿ ಅಮ್ಮನಿಗೆ ಎಲ್ಲಾ ಹೇಳಿದ್ರಂತೆ, ನ್ಯೂಟ್ರಲ್ಲಿನ ವಿಷಯವನ್ನೂ. ಅಮ್ಮ "ನಂಗೆ ಅವತ್ತೇ ಗೊತ್ತಿತ್ತು, ಎಂಜಿನ್ ಸದ್ದೇ ಇರಲಿಲ್ಲ" ಅಂದ್ರಂತೆ! ಮಾರನೇ ದಿನ ಇಬ್ಬರೂ ನ್ಯಾಮತಿ ಸಂತೆಗೆ ಹೋಗಿ ಬಂದ್ರು. ಅಮ್ಮ ಮುಂದಿನ ಸೀಟಲ್ಲಿ.

ನಿಮ್ಮನೇಲೂ ಹಳೇ ಫಿಯಟ್ಟೋ ಅಂಬಾಸಿಡರ್ರೋ ಇದ್ರೆ ಅದರ ಕತೆ ಬರೀರಿ, ಓದೋಕೆ ಕಾಯ್ತಿರ್ತೀನಿ. ಹಾಗೇ ಬ್ರೇಕ್ ಆಯಿಲ್ ಬದಲಾಯಿಸಿ ಎಷ್ಟು ದಿನ ಆಯ್ತು, ಒಂದ್ಸಲ ನೋಡ್ಕೊಳ್ಳಿ...